ಕಾಲುವೆಯ ಮಕ್ಕಳು ಮತ್ತು ಅವರ ಮೇಷ್ಟ್ರು

ಮಗನಿಗೆ ಮೆಡಿಕಲ್ ಸೀಟು ಸಿಗಲಿಲ್ಲ, ಎರಡು ವರ್ಷದ ಓದು ನೀರುಪಾಲಾಯಿತು ಎಂದು ಕೊರಗುವ ತಂದೆತಾಯಂದಿರನ್ನು ಪ್ರತಿ ವರ್ಷವೂ ಕಾಣುತ್ತೇವೆ. ಮಕ್ಕಳಿಗೊಂದು ಗುರಿ ಬೇಕು ಎಂದು ಎಲ್ಲರೂ ಬೋಧಿಸುತ್ತೇವೆ. ಆ ಗುರಿಯೇ ಒಂದು ದಿನ ಇಲ್ಲವಾದರೆ? ಅಲ್ಲಿಯವರೆಗೆ ಪಟ್ಟ ಶ್ರಮಕ್ಕೆ ಏನು ಬೆಲೆ? ಈ ಪ್ರಶ್ನೆಯನ್ನು ಬದುಕಿನಲ್ಲಿ ನೇರವಾಗಿ ಎದುರಿಸಿದ ಒಬ್ಬ ಈಜು ತರಬೇತುದಾರರ ಕಥೆಯನ್ನು ಈ ವಾರ ನೋಡೋಣ.

ಅವರ ಹೆಸರು ಸೊಯಿಚಿ ಸಕಮೊಟೊ. ಜಪಾನ್ ಮೂಲದ ಕುಟುಂಬದಲ್ಲಿ, 1906ರಲ್ಲಿ, ಹವಾಯಿಯ ಮಾವುಯಿ ದ್ವೀಪದಲ್ಲಿ ಹುಟ್ಟಿದವರು. ಪುವುನೆನೆ ಎಂಬಲ್ಲಿ ಶಾಲಾ ಶಿಕ್ಷಕರಾಗಿದ್ದರು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಕಬ್ಬಿನ ತೋಟ. ಮನೆ, ಅಂಗಡಿ, ದಾರಿ ಎಲ್ಲವೂ ಸಕ್ಕರೆ ಕಂಪನಿಯದೇ. ಕೂಲಿಕಾರರು ಜಪಾನಿನಿಂದ, ಫಿಲಿಪ್ಪೀನ್ಸ್‌ನಿಂದ ಬಂದು ಸಾಲುಮನೆಗಳಲ್ಲಿ ನೆಲೆಸಿದವರು. ಅವರ ಮಕ್ಕಳಿಗೆ ಈಜುಕೊಳವೆಲ್ಲಿಂದ ಬರಬೇಕು? ಕಬ್ಬಿಗೆ ನೀರುಣಿಸುವ ಕಾಲುವೆಯಲ್ಲಿ ಬಿದ್ದು ಹೊರಳಾಡುತ್ತಿದ್ದರು. ಕಂಪನಿಯ ಕಾವಲುಗಾರರು ಬಂದಾಗ ಎದ್ದು ಓಡುತ್ತಿದ್ದರು. ಇದನ್ನು ನೋಡಿದ ಮೇಷ್ಟ್ರು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿ ಅನುಮತಿ ಪಡೆದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಸಕಮೊಟೊ ಸ್ವತಃ ಒಳ್ಳೆಯ ಈಜುಗಾರರಲ್ಲ! ತಮಗೆ ಬಾರದ್ದನ್ನು ಮಕ್ಕಳಿಗೆ ಕಲಿಸಲು ಹೊರಟವರು ನೋಡಿ ನೋಡಿ ಕಲಿತರು. ಕಾಲುವೆಯ ದಂಡೆಯ ಮೇಲೆ ನಿಂತು ನೀರನ್ನೂ ಮಕ್ಕಳ ಕೈಕಾಲುಗಳನ್ನೂ ಗಮನಿಸಿದರು. ಹರಿಯುವ ನೀರಿಗೆ ಎದುರಾಗಿ ಈಜಿಸಿದರೆ ತ್ರಾಣ ಬೆಳೆಯುತ್ತದೆ. ಹರಿವಿನ ಜೊತೆಗೆ ಈಜಿಸಿದರೆ ವೇಗ ಏನೆಂಬುದು ದೇಹಕ್ಕೆ ತಿಳಿಯುತ್ತದೆ. ಕೊಳವಿಲ್ಲದ್ದು ಕೊರತೆಯಾಗಿತ್ತು ನಿಜ, ಆದರೆ ನಿಂತ ನೀರಿನಲ್ಲಿ ಈ ಪಾಠ ಸಿಗುತ್ತಿರಲಿಲ್ಲ. ಕಂಪನಿಯ ಕೊಳದಲ್ಲಿ ಅಭ್ಯಾಸ ಮಾಡುವ ಅವಕಾಶ ಅವರಿಗೆ ಬಂದದ್ದು ಆಮೇಲೆ.

1937ರಲ್ಲಿ ಅವರು ಮಕ್ಕಳನ್ನು ಸೇರಿಸಿ ಒಂದು ಕ್ಲಬ್ ಕಟ್ಟಿದರು. ಅದರ ಹೆಸರೇ ‘ಮೂರು ವರ್ಷದ ಈಜು ಕ್ಲಬ್’. ಏಕೆ ಮೂರು ವರ್ಷ? 1940ರ ಒಲಿಂಪಿಕ್ಸ್ ಟೋಕಿಯೋದಲ್ಲಿ ನಡೆಯಬೇಕಿತ್ತು. ಕೂಲಿಕಾರರ ಮಕ್ಕಳು ತಮ್ಮ ಹಿರಿಯರ ನಾಡಿನಲ್ಲಿ ಅಮೆರಿಕದ ಪರವಾಗಿ ಈಜಬೇಕು, ಇದು ಮೇಷ್ಟ್ರ ಕನಸು. ಚಪ್ಪಲಿಗೂ ಗತಿಯಿಲ್ಲದ ಮಕ್ಕಳ ಮುಂದೆ ಇಂಥ ಮಾತನಾಡಿದರೆ ಜನ ನಗದೆ ಇರುತ್ತಾರೆಯೇ? ಆದರೆ 1939ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಇದೇ ಮಕ್ಕಳು ತಂಡ ಪ್ರಶಸ್ತಿ ಗೆದ್ದರು. 1940ರಲ್ಲೂ ಗೆದ್ದರು, 1941ರಲ್ಲೂ ಗೆದ್ದರು. ಹುಡುಗಿಯರಲ್ಲಿ ಫುಜಿಕೊ ಕತ್ಸುತಾನಿ ರಾಷ್ಟ್ರೀಯ ಚಾಂಪಿಯನ್ ಆದಳು.

ಒಲಿಂಪಿಕ್ಸ್ ಮಾತ್ರ ನಡೆಯಲಿಲ್ಲ. ಚೀನಾದೊಡನೆ ಯುದ್ಧಕ್ಕಿಳಿದಿದ್ದ ಜಪಾನ್ 1938ರಲ್ಲೇ ಕ್ರೀಡಾಕೂಟವನ್ನು ಕೈಬಿಟ್ಟಿತು. ಅದು ಹೆಲ್ಸಿಂಕಿಗೆ ಹೋಯಿತು. ಯುರೋಪಿನಲ್ಲೂ ಯುದ್ಧ ಹತ್ತಿಕೊಂಡು ಅಲ್ಲೂ ರದ್ದಾಯಿತು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದ ಮೇಲೆ ಜಪಾನ್ ಮೂಲದವರೆಲ್ಲರನ್ನೂ ಸಂಶಯದಿಂದ ನೋಡುವ ಕಾಲ ಬಂತು. ಮೇಷ್ಟ್ರ ಶಿಷ್ಯ ಹ್ಯಾಲೊ ಹಿರೋಸೆ, ಜಪಾನ್ ಮೂಲದ ಅಮೆರಿಕನ್ನರಿಂದಲೇ ಕೂಡಿದ 442ನೇ ದಳದಲ್ಲಿ ಸೈನಿಕನಾಗಿ ಯುರೋಪಿಗೆ ಹೋದ. 1944ರ ಒಲಿಂಪಿಕ್ಸ್ ಕೂಡ ರದ್ದಾಯಿತು.

ಅರಿಸ್ಟಾಟಲ್ ಮನುಷ್ಯನ ಕೆಲಸಗಳನ್ನು ಎರಡು ಬಗೆಯಾಗಿ ನೋಡುತ್ತಾನೆ. ಕೆಲವುಗಳ ಫಲ ಕೆಲಸದ ಹೊರಗಿದೆ: ಮನೆ ಕಟ್ಟುವವನು ಅರ್ಧಕ್ಕೆ ನಿಲ್ಲಿಸಿದರೆ ಅಲ್ಲಿ ಮನೆಯಿಲ್ಲ. ಇನ್ನು ಕೆಲವುಗಳ ಫಲ ಮಾಡುವುದರಲ್ಲೇ ಇದೆ: ನ್ಯಾಯವಾಗಿ ನಡೆದವನು ನಡೆದ ಕ್ಷಣದಲ್ಲೇ ಅದನ್ನು ಪಡೆದಿರುತ್ತಾನೆ. ಸಕಮೊಟೊ ಕಟ್ಟಲು ಹೊರಟದ್ದು ಮೊದಲನೆಯ ಬಗೆಯದು. ಅದರ ಹೆಸರಿನಲ್ಲೇ ಗಡುವು ಇತ್ತು. ಗಡುವು ಮುಗಿಯಿತು, ಮನೆ ಏಳಲಿಲ್ಲ. ಆದರೂ ಅವರು ದಂಡೆ ಬಿಟ್ಟು ಹೋಗಲಿಲ್ಲ, ಮಕ್ಕಳೂ ನೀರು ಬಿಡಲಿಲ್ಲ. ಹಾಗೆಂದು ನಷ್ಟವೇ ಆಗಲಿಲ್ಲ ಎಂದು ಸಮಾಧಾನ ಹೇಳುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಕಿಯೊ ನಕಾಮ ಎಂಬ ಶಿಷ್ಯನಿಗೆ 1940ರಲ್ಲಿ 20 ವರ್ಷ, ದೇಹಶಕ್ತಿ ತುಂಬಿದ್ದ ಪ್ರಾಯ. ಅವನು ಎಂದೂ ಒಲಿಂಪಿಕ್ಸ್‌ನಲ್ಲಿ ಈಜಲಿಲ್ಲ. ಹಿರೋಸೆಯೂ ಈಜಲಿಲ್ಲ. ಆ ವರ್ಷಗಳನ್ನು ಅವರಿಗೆ ಯಾರೂ ಹಿಂದಿರುಗಿಸಲಾರರು.

ಒಬ್ಬನಿಗೆ ಮಾತ್ರ ಕಾಯುವಷ್ಟು ಎಳೆಯ ವಯಸ್ಸಿತ್ತು. ಬಿಲ್ ಸ್ಮಿತ್ ಹೊನೊಲುಲುವಿನಿಂದ ಮೇಷ್ಟ್ರನ್ನು ಹುಡುಕಿಕೊಂಡು ಮಾವುಯಿಗೆ ಬಂದಿದ್ದ ಹುಡುಗ. 1948ರಲ್ಲಿ ಲಂಡನ್ನಿನಲ್ಲಿ, 24ರ ಪ್ರಾಯದಲ್ಲಿ, 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದ, ರಿಲೇಯಲ್ಲಿ ಇನ್ನೊಂದು. ಮೂರು ವರ್ಷದ ಕ್ಲಬ್ಬಿಗೆ ಹನ್ನೊಂದು ವರ್ಷ ಹಿಡಿಯಿತು. ಯುದ್ಧದ ನಂತರ ಸಕಮೊಟೊ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ತರಬೇತುದಾರರಾದರು. ಅವರ ಶಿಷ್ಯೆ ಎವೆಲಿನ್ ಕವಮೊಟೊ 1952ರ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಪಡೆದಳು. 1966ರಲ್ಲಿ ಅಂತರರಾಷ್ಟ್ರೀಯ ಈಜು ಕೀರ್ತಿಭವನದಲ್ಲಿ ಅವರ ಹೆಸರು ಸೇರಿತು. 1997ರಲ್ಲಿ ಅವರು ತೀರಿಕೊಂಡರು. ಪುವುನೆನೆಯ ಸಕ್ಕರೆ ಕಾರ್ಖಾನೆಯೂ 2016ರಲ್ಲಿ ಮುಚ್ಚಿತು.

ಕಿಯೊ ನಕಾಮನ ವಿಷಯ ಸ್ವಲ್ಪ ಉಳಿದಿದೆ. ಆತ ಮುಂದೆ ಶಿಕ್ಷಕನಾದ, ಹವಾಯಿಯ ಶಾಸನಸಭೆಗೂ ಆರಿಸಿ ಬಂದ. 1961ರಲ್ಲಿ, ತನ್ನ 41ನೆಯ ವಯಸ್ಸಿನಲ್ಲಿ, ಮೊಲೊಕಾಯಿ ದ್ವೀಪದ ದಡದಲ್ಲಿ ನೀರಿಗಿಳಿದ. ಅಲ್ಲಿಂದ ಒವಾಹು ದ್ವೀಪಕ್ಕೆ ಸುಮಾರು 27 ಮೈಲಿ. ಸೆಳೆತಕ್ಕೂ ಅಲೆಗಳಿಗೂ ಹೆಸರಾದ ಕಡಲು. ಹದಿನೈದು ಗಂಟೆಗೂ ಮೀರಿ ಈಜಿ ಆಚೆ ದಡ ಸೇರಿದ. ಆ ಕಡಲನ್ನು ಈಜಿ ದಾಟಿದನೆಂದು ಅಧಿಕೃತವಾಗಿ ಒಪ್ಪಿದ್ದು ಮೊದಲು ಅವನನ್ನೇ.