ಸೋತ ಹೊತ್ತಿನಲ್ಲಿ ತೀರ್ಮಾನ ಬೇಡ



2023ನೇ ಇಸವಿ ನಮ್ಮ ಸೀಮೆಯ ತೆಂಗು ಬೆಳೆಗಾರರಿಗೆ ಕಹಿಯಾದ ವರ್ಷ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. ಅದೇ ವರ್ಷ ಮಳೆಯೂ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಗುಬ್ಬಿ, ಕುಣಿಗಲ್ ಕಡೆ ತೋಟವನ್ನೇ ನಂಬಿದ ಮನೆಗಳಿಗೆ ಇದರ ಬಿಸಿ ಎಷ್ಟೆಂದು ಹೇಳಬೇಕಾಗಿಲ್ಲ.

ಇಂಥ ಪೆಟ್ಟು ಬಿದ್ದಾಗ ನಷ್ಟವಾಗುವುದು ಹಣ ಮಾತ್ರವಲ್ಲ. ಮನೆಯ ಯಜಮಾನ ಮಾತು ಬಿಡುತ್ತಾನೆ, ಇಲ್ಲವೇ ಕುಡಿಯುತ್ತಾನೆ. ಸಿಟ್ಟು ಹೆಂಡತಿ ಮಕ್ಕಳ ಮೇಲೆ ತಿರುಗುತ್ತದೆ. ತುಮಕೂರಿನಲ್ಲಿ ಕೆಲಸ ಕಳೆದುಕೊಂಡವನಿಗೂ, ಪರೀಕ್ಷೆಯಲ್ಲಿ ನಪಾಸಾದ ಮಗಳಿಗೂ ಇದೇ ಕತ್ತಲೆ. 'ನನ್ನಿಂದ ಏನೂ ಆಗದು' ಎಂಬ ಮಾತು ಒಳಗೇ ಸುತ್ತುತ್ತಿರುತ್ತದೆ.

ಭಾವನೆ ಪಾಪವೇ?

ಅಲ್ಲ. ಕೋಪ, ದುಃಖ, ಭಯಗಳು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ ಎಂದು ಧರ್ಮಸಭೆ ಬೋಧಿಸುತ್ತದೆ. ಅವುಗಳನ್ನು ನಾವು ಎತ್ತ ನಡೆಸುತ್ತೇವೆ ಎಂಬುದೇ ಮುಖ್ಯ. ಆದ್ದರಿಂದ ಸಿಟ್ಟು ಬಂತೆಂದು ನಾಚಬೇಕಾಗಿಲ್ಲ. ಆದರೆ ಆ ಸಿಟ್ಟಿನ ಕೈಗೆ ಮನೆಯ ಬೀಗದಕೈ ಕೊಡಬಾರದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಎಂದು ನಮ್ಮ ಹಿರಿಯರು ಹೇಳಿಲ್ಲವೇ? ಭಾವನೆ ಹೋಗುತ್ತದೆ, ಅದರ ಕೈಯಲ್ಲಿ ಮಾಡಿದ ಕೆಲಸ ಉಳಿಯುತ್ತದೆ.

ಸಂತ ಇಗ್ನೇಷಿಯಸರ ನಿಯಮ

1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗಲಿ ಇಗ್ನೇಷಿಯಸರ ಕಾಲು ಮುರಿಯಿತು. ಯೋಧನಾಗಿ ಹೆಸರು ಗಳಿಸುವ ಕನಸು ಮುರಿದುಬಿತ್ತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದಾಗ ಅವರು ತಮ್ಮ ಮನಸ್ಸಿನ ಏರಿಳಿತಗಳನ್ನು ಗಮನಿಸಿದರು. ಮುಂದೆ ಅವರು ಬರೆದ ಒಂದು ನಿಯಮ ಹೀಗಿದೆ: ಮನಸ್ಸು ಕತ್ತಲಾದಾಗ ಹೊಸ ತೀರ್ಮಾನ ಮಾಡಬೇಡ, ಬೆಳಕಿನಲ್ಲಿದ್ದಾಗ ಮಾಡಿದ ನಿರ್ಧಾರದಲ್ಲೇ ನಿಲ್ಲು.

ನಮ್ಮ ತೋಟಗಳೇ ಇದಕ್ಕೆ ಸಾಕ್ಷಿ. 2023ರಲ್ಲಿ ನೆಲಕಚ್ಚಿದ್ದ ಕೊಬ್ಬರಿ ಧಾರಣೆ 2025ರಲ್ಲಿ ಬೆಂಬಲ ಬೆಲೆಯ ಎರಡು ಪಟ್ಟನ್ನೂ ಮೀರಿತು. ಎಲ್ಲ ನಷ್ಟವೂ ಹೀಗೆ ತುಂಬಿ ಬರುತ್ತದೆಂದು ಯಾರೂ ಹೇಳಲಾರರು. ಆದರೆ ಕತ್ತಲಲ್ಲಿ ಕುಳಿತವನಿಗೆ ಮುಂದಿನ ದಾರಿ ಪೂರ್ತಿ ಕಾಣುವುದಿಲ್ಲ ಎಂಬುದಂತೂ ನಿಜ. ಆ ಹೊತ್ತಿನಲ್ಲಿ ಜಮೀನು ಮಾರುವುದು, ಸಂಬಂಧ ಕಡಿದುಕೊಳ್ಳುವುದು, ಊರು ಬಿಡುವುದು, ಜೀವವನ್ನೇ ಬಿಡುವ ಯೋಚನೆ - ಇವು ಯಾವುದಕ್ಕೂ ಕೈಹಾಕಬಾರದು.

ಮೊದಲು ಊಟ, ನಿದ್ರೆ

ಪ್ರವಾದಿ ಎಲೀಯನು ಸೋತು ಮರುಭೂಮಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದ (1 ಅರಸರು 19). ದೇವದೂತನು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣಿಸಿದ. ದೇವರ ಮೆಲುದನಿ ಕೇಳಿಸಿದ್ದು ಆಮೇಲೆ. ಸಂತ ಥಾಮಸ್ ಅಕ್ವಿನಾಸರು ದುಃಖಕ್ಕೆ ಹೇಳಿದ ಮದ್ದುಗಳಲ್ಲಿ ಕಣ್ಣೀರು, ಸ್ನೇಹಿತರ ಅನುಕಂಪ, ಸತ್ಯದ ಧ್ಯಾನಗಳ ಜೊತೆಗೆ ನಿದ್ರೆ ಮತ್ತು ಸ್ನಾನವೂ ಇವೆ! ದಣಿದ ದೇಹದಲ್ಲಿ ಮನಸ್ಸು ನೆಟ್ಟಗೆ ಯೋಚಿಸಲಾರದು.

ಒಂಟಿಯಾಗಿ ಉಳಿಯಬೇಡಿ

ಪೇತ್ರ ಮತ್ತು ಯೂದ ಇಬ್ಬರೂ ಒಂದೇ ರಾತ್ರಿ ಪ್ರಭುವನ್ನು ಕೈಬಿಟ್ಟರು, ಇಬ್ಬರೂ ಪಶ್ಚಾತ್ತಾಪಪಟ್ಟರು. ಯೂದ ತನ್ನ ತಪ್ಪನ್ನು ಒಪ್ಪಿಕೊಂಡು ಮುಖ್ಯಯಾಜಕರ ಬಳಿ ಹೋದಾಗ ಅವರು ಅದು ತಮಗೆ ಸಂಬಂಧಿಸಿದ್ದಲ್ಲ ಎಂದುಬಿಟ್ಟರು. ಅವನು ಒಂಟಿಯಾಗಿ ಹೊರಟುಹೋದ. ಪೇತ್ರ ಬಿಕ್ಕಿ ಬಿಕ್ಕಿ ಅತ್ತ, ಆದರೆ ಸಂಗಡಿಗರ ನಡುವೆಯೇ ಉಳಿದ. ಮೀನು ಹಿಡಿಯಲು ಹೊರಟಾಗಲೂ ಜೊತೆಗಾರರಿದ್ದರು. ದಡದಲ್ಲಿ ಪ್ರಭು ಮೊದಲು ಊಟ ಬಡಿಸಿದರು, ಪ್ರೀತಿಯ ಪ್ರಶ್ನೆ ಕೇಳಿದ್ದು ಊಟವಾದ ಮೇಲೆ (ಯೊವಾನ್ನ 21).

ಸೋತವನು ಬಾಗಿಲಿಗೆ ಬಂದಾಗ ನಾವು ಯಾರಂತೆ ನಡೆದುಕೊಳ್ಳುತ್ತೇವೆ? ಮುಖ್ಯಯಾಜಕರಂತೆಯೋ, ಪ್ರಭುವಿನಂತೆಯೋ? ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಕುಟುಂಬವನ್ನು ದೂರವಿಡುವುದು ಕ್ರೈಸ್ತರ ನಡತೆಯಲ್ಲ. ಅಂಥವರ ಉದ್ಧಾರದ ಬಗ್ಗೆ ನಿರಾಶರಾಗಬಾರದೆಂದು ಬೋಧಿಸುವ ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

ಇಷ್ಟು ಮಾಡಿ

ಸಿಟ್ಟು ಏರಿದಾಗ ಅಲ್ಲಿಂದ ಎದ್ದು ಹೊರಗೆ ಸ್ವಲ್ಪ ನಡೆಯಿರಿ. ದೊಡ್ಡ ತೀರ್ಮಾನವನ್ನು ಮುಂದೂಡಿ. ಸಾಲದ ನಿಜವಾದ ಲೆಕ್ಕವನ್ನು ಮನೆಯವರ ಮುಂದೆ ಇಡಿ, ಏಕೆಂದರೆ ಗುಟ್ಟಿನಲ್ಲಿಟ್ಟ ಭಯ ದಿನದಿನಕ್ಕೂ ಬೆಳೆಯುತ್ತದೆ. ದೇವರೊಡನೆ ಜಗಳವಾಡಬೇಕೆನಿಸಿದರೆ ಯೋಬನಂತೆ ಆಡಿ, ಅದೂ ಪ್ರಾರ್ಥನೆಯೇ. ಎರಡು ಮೂರು ವಾರವಾದರೂ ನಿದ್ರೆ ಬಾರದಿದ್ದರೆ ವೈದ್ಯರನ್ನು ಕಾಣಿರಿ. ಸಾಯುವ ಯೋಚನೆ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ, ಆ ಕೂಡಲೇ ಹತ್ತಿರದವರಿಗೆ ಹೇಳಿ, ವೈದ್ಯರ ಬಳಿ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಔಷಧಿ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ, ಎಲೀಯನೂ ರೊಟ್ಟಿ ತಿಂದೇ ನಡೆದ.

ಮನೆಯಲ್ಲಿ ಚಿಂತನೆಗೆ

1. ನಮ್ಮ ಮನೆಯಲ್ಲಿ ಸೋಲಿನ ಸುದ್ದಿಯನ್ನು ಭಯವಿಲ್ಲದೆ ಹೇಳಲು ಸಾಧ್ಯವೇ?
2. ಈ ವಾರ ನಾವು ಕರೆದು ಊಟ ಹಾಕಬೇಕಾದ ನೊಂದ ನೆರೆಯವರು ಯಾರು?