ಕಬ್ಬಿನ ತಳಿ ಮತ್ತು ಸಕ್ಕರೆ ಇಳುವರಿ

ಕರೋಶಿ, ಚಿಕ್ಕೋಡಿ, ರಾಯಬಾಗ ಭಾಗದ ರೈತರು ತಳಿ ಆರಿಸುವಾಗ ಎಕರೆಗೆ ಎಷ್ಟು ಟನ್ ಬಂದೀತೆಂದು ಲೆಕ್ಕಹಾಕುತ್ತಾರೆ. ಕಾರ್ಖಾನೆಯವರು ಟನ್ನಿಗೆ ಎಷ್ಟು ಸಕ್ಕರೆ ಇಳಿದೀತೆಂದು ನೋಡುತ್ತಾರೆ. ಇವೆರಡೂ ಒಂದೇ ತಳಿಯಲ್ಲಿ ಕೂಡಿಬರುವುದು ಅಪರೂಪ.

ಸಿಒಸಿ 671 ಬೇಗ ಮಾಗುವ, ಸಕ್ಕರೆ ಅಂಶ ಹೆಚ್ಚಿರುವ ತಳಿ. ಆದರೆ ಕೆಂಪು ಕೊಳೆ ರೋಗಕ್ಕೆ ತುತ್ತಾಗುತ್ತದೆ. ಅದನ್ನು ಸಿಒ 62198ರೊಡನೆ ಸಂಕರಗೊಳಿಸಿ ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆಯು ರೂಪಿಸಿದ ಸಿಒ 86032, ತೂಕ ಮತ್ತು ಸಕ್ಕರೆ ಎರಡನ್ನೂ ಒಂದು ಮಟ್ಟಿಗೆ ಸರಿದೂಗಿಸಿತು. ಮಹಾರಾಷ್ಟ್ರದ ಪಾಡೇಗಾಂವ ಕೇಂದ್ರದ ಸಿಒಎಂ 0265 (ಫುಲೆ 265) ಸವುಳು ಭೂಮಿಯಲ್ಲಿಯೂ ಒಳ್ಳೆಯ ತೂಕ ಕೊಡುತ್ತದೆ. ಆದರೆ ಅದು ತಡವಾಗಿ ಮಾಗುವುದರಿಂದ ಹಂಗಾಮಿನ ಆರಂಭದಲ್ಲಿಯೇ ಕಡಿದರೆ ಇಳುವರಿ ಕುಸಿಯುತ್ತದೆ. ಸವುಳು ನೆಲದ ಕಬ್ಬಿನ ರಸದಲ್ಲಿ ಲವಣಗಳೂ ಹೆಚ್ಚು. ಅದರಿಂದ ಸಕ್ಕರೆಯ ಒಂದು ಪಾಲು ಹರಳಾಗದೆ ಕಾಕಂಬಿಯೊಡನೆ ಹೋಗುತ್ತದೆ.

ಯುರೋಪಿನ ಸಕ್ಕರೆ ಬೀಟ್ ಗಡ್ಡೆಯಲ್ಲಿಯೂ ಸೋಡಿಯಂ, ಪೊಟ್ಯಾಸಿಯಂಗಳದು ಇದೇ ತೊಂದರೆ. ಅಲ್ಲಿ ರೈತನು ತಂದ ಗಡ್ಡೆಯ ಮಾದರಿಯನ್ನು ಪರೀಕ್ಷಿಸಿ, ಸಕ್ಕರೆ ಅಂಶ ನೋಡಿ ಬೆಲೆ ಕಟ್ಟುತ್ತಾರೆ.

ನಮ್ಮಲ್ಲಿ ಹಾಗಿಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ನಿಗದಿಪಡಿಸಿದ ಎಫ್‌ಆರ್‌ಪಿ, ಶೇ. 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಅದಕ್ಕೂ ಮೇಲಿನ ಪ್ರತಿ ಶೇ. 0.1ಕ್ಕೆ 34.60 ರೂಪಾಯಿ ಹೆಚ್ಚು. ಈ ಇಳುವರಿಯಾದರೋ ಇಡೀ ಕಾರ್ಖಾನೆಯ ಸರಾಸರಿ. ಉದಾಹರಣೆಗೆ, ಶೇ. 11 ಇಳುವರಿಯ 40 ಟನ್ ಕಬ್ಬಿನಲ್ಲಿಯೂ ಶೇ. 10ರ 44 ಟನ್ನಿನಲ್ಲಿಯೂ ದೊರೆಯುವ ಸಕ್ಕರೆ 44 ಕ್ವಿಂಟಾಲೇ. ಆದರೆ 3,550ರ ದರದಲ್ಲಿ ಎರಡನೆಯ ರೈತನಿಗೆ 14,200 ರೂಪಾಯಿ ಹೆಚ್ಚು ಸಿಗುತ್ತದೆ (ಕಟಾವು, ಸಾಗಣೆ ಖರ್ಚು ಕಳೆಯುವ ಮುನ್ನ). ಹೀಗಿರುವಾಗ ತೂಕದ ತಳಿಯ ಬೆನ್ನುಹತ್ತಿದ ರೈತನನ್ನು ದೂರುವುದು ಸಲ್ಲದು. ದರದ ಪದ್ಧತಿ ಬದಲಾಗುವವರೆಗೆ ಕಾರ್ಖಾನೆಗಳ ಕೈಯಲ್ಲಿ ಉಳಿದಿರುವುದು ಕಟಾವಿನ ಸರದಿ: ಬೇಗ ಮಾಗುವ ತಳಿಗಳನ್ನು ಮೊದಲು ಕಡಿಸಿ, ಫುಲೆ 265 ಅನ್ನು ಹಂಗಾಮಿನ ಉತ್ತರಾರ್ಧಕ್ಕೆ ಇರಿಸಿಕೊಳ್ಳುವುದು.