ನಿನ್ನ ಬರಹ ನಿನ್ನದಾಗಿಯೇ ಉಳಿಯಲಿ

ಮೆಕಿನ್ನಿ, ಟೆಕ್ಸಸ್

ಪ್ರೀತಿಯ ಮಗಳೇ,

ಮೊನ್ನೆ ಶನಿವಾರ ಊಟಕ್ಕೆ ಬಂದಾಗ ಲ್ಯಾಪ್‌ಟಾಪ್ ತೆರೆದಿಟ್ಟು, "ದೊಡ್ಡಪ್ಪಾ, ಇದಕ್ಕೆ ಇನ್ನು ಅಪ್‌ಡೇಟ್ ಬರಲ್ವಂತೆ. ಎಸೆದು ಮ್ಯಾಕ್ ತಗೊಳ್ಳಲಾ, ಇಲ್ಲಾ ಲಿನಕ್ಸ್ ಹಾಕ್ಕೊಳ್ಳಲಾ?" ಎಂದು ಕೇಳಿದೆ. ಬಡಿಸುವ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ನಿನ್ನ ವಯಸ್ಸಿನ ಎಷ್ಟೋ ಮಕ್ಕಳ ಪ್ರಶ್ನೆಯೂ ಇದೇ. ಅದಕ್ಕೇ ಎಲ್ಲರೂ ಓದಲೆಂದು ಈ ಕಾಗದ.

ನಿನ್ನ ಸಿಟ್ಟು ನ್ಯಾಯವಾದದ್ದು. 2015ರಲ್ಲಿ ಬಂದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು; ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದರ ಮುಂದಿನದೋ ಪ್ರೊಸೆಸರ್ ಇರಬೇಕು. ಕೀಬೋರ್ಡು, ಪರದೆ, ಬ್ಯಾಟರಿ ಎಲ್ಲ ನೆಟ್ಟಗಿದ್ದೂ ಯಂತ್ರ ಮೂಲೆ ಸೇರಬೇಕೆಂದರೆ ಯಾರಿಗೆ ಬೇಸರವಾಗದು? ಆದರೆ ಸಿಟ್ಟಿನ ಭರದಲ್ಲಿ ಹೊಸದನ್ನು ಕೊಳ್ಳಬೇಡ, ಇದ್ದದ್ದನ್ನು ಅಳಿಸಲೂ ಬೇಡ.

ಯಂತ್ರ ಬೇರೆ, ಅದನ್ನು ನಡೆಸುವ ವ್ಯವಸ್ಥೆ ಬೇರೆ. ಈ ಪಾಠದ ಒಂದು ದೊಡ್ಡ ಅಧ್ಯಾಯ ನಮ್ಮ ಟೆಕ್ಸಸ್‌ನಲ್ಲೇ ನಡೆದಿದೆ. 1981ರಲ್ಲಿ ಬಂದ ಐಬಿಎಂ ಪಿಸಿಗೆ ಬಯೋಸ್ ಎಂಬ ಪುಟ್ಟ ತಂತ್ರಾಂಶವೇ ಬೀಗವಾಗಿತ್ತು. 1982ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿಯ ಎಂಜಿನಿಯರುಗಳು ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬಯೋಸನ್ನು ತಾವೇ ಹೊಸದಾಗಿ ಬರೆದರು. ಐಬಿಎಂ ಪಿಸಿಗೆಂದು ಬರೆದ ತಂತ್ರಾಂಶ ಇನ್ನೊಬ್ಬರ ಯಂತ್ರದಲ್ಲೂ ಓಡಿತು. 1984ರಲ್ಲಿ ಮೈಕೆಲ್ ಡೆಲ್ ಆಸ್ಟಿನ್‌ನ ಹಾಸ್ಟೆಲ್ ಕೋಣೆಯಲ್ಲಿ ಶುರುಮಾಡಿದ ಉದ್ಯಮ ಬೆಳೆದದ್ದೂ ಅಂಥ ಪಿಸಿಗಳಿಂದಲೇ. 2007ರಲ್ಲಿ ಅದೇ ಡೆಲ್ ಕಂಪನಿ ಉಬುಂಟು ಲಿನಕ್ಸ್ ಇರುವ ಕಂಪ್ಯೂಟರುಗಳನ್ನೂ ಮಾರತೊಡಗಿತು. ಹಾಗಾಗಿ ಒಂದು ವ್ಯವಸ್ಥೆ ಕೈಬಿಟ್ಟಿತೆಂದು ನಿನ್ನ ಲ್ಯಾಪ್‌ಟಾಪ್ ಸತ್ತಿತು ಎಂದುಕೊಳ್ಳಬೇಡ.

ಇನ್ನು ಆಯ್ಕೆ. ಗೆಳೆಯರನ್ನು ಕೇಳುವ ಮೊದಲು ನಿನ್ನ ಕೆಲಸವನ್ನು ಕೇಳು. ಕಾಲೇಜು ಪರೀಕ್ಷೆಗೆ, ಬೇರೇನನ್ನೂ ತೆರೆಯಲು ಬಿಡದ ಲಾಕ್‌ಡೌನ್ ಬ್ರೌಸರ್ ಕೇಳಿದರೆ ಅದು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಮೆಕ್ಯಾನಿಕಲ್ ಓದುವವರ ಸಾಲಿಡ್‌ವರ್ಕ್ಸ್‌ಗೆ ವಿಂಡೋಸ್ ಬೇಕು. ಐಫೋನ್ ಆ್ಯಪ್ ಬರೆಯುವ ಎಕ್ಸ್‌ಕೋಡ್‌ಗೆ ಮ್ಯಾಕ್ ಬೇಕು. ಬ್ರೌಸರು, ಪ್ರಬಂಧ, ಪೈಥಾನ್ ಇಷ್ಟೇ ನಿನ್ನ ಕೆಲಸವಾದರೆ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ. ಒಳಗಿನ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ವೈಫೈ ಹಿಡಿಯುತ್ತದೆಯೇ, ಪ್ರಿಂಟರ್ ಒಪ್ಪುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ, ಎಲ್ಲವನ್ನೂ ಒಂದು ಸಂಜೆ ಪರೀಕ್ಷಿಸು. ಆಮೇಲೆ ತೀರ್ಮಾನಿಸು.

ಈಗ ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಇರುವ ಮಾತು. ನಿನ್ನಜ್ಜ ಇಲ್ಲಿಗೆ ಬಂದಿದ್ದಾಗ ಸಂಜೆ ಹೊತ್ತು ಊರಿನ ಕೆರೆ, ಗದ್ದೆ, ದಾಯಾದಿಗಳ ವ್ಯಾಜ್ಯ ಎಲ್ಲವನ್ನೂ ಹೇಳುತ್ತಿದ್ದರು. ನಾನು ಅಂದಿನ ಒಂದು ಕನ್ನಡ ಫಾಂಟಿನಲ್ಲಿ ನಲವತ್ತು ಪುಟ ಟೈಪ್ ಮಾಡಿಟ್ಟೆ. ಅದು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದ್ದಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಕಂಪ್ಯೂಟರ್ ಬದಲಾಯಿತು, ವ್ಯವಸ್ಥೆ ಬದಲಾಯಿತು, ಫಾಂಟ್ ಸಿಗಲಿಲ್ಲ. ಕಡತ ತೆರೆದರೆ ಅಪ್ಪನ ಮಾತಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಪ್ರಿಂಟ್ ತೆಗೆದಿದ್ದ ಹನ್ನೊಂದು ಪುಟ ಮಾತ್ರ ಉಳಿದಿದೆ.

ಅಂದಿನಿಂದ ನಾನು ಯಾವ ವ್ಯವಸ್ಥೆಗೂ ಒಂದೇ ಪ್ರಶ್ನೆ ಹಾಕುತ್ತೇನೆ: ನಾಳೆ ನಿನ್ನನ್ನು ಬಿಟ್ಟು ಹೋಗುವಾಗ ನನ್ನದನ್ನು ನಾನು ಒಯ್ಯಬಹುದೇ? ಇಂದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಯೂನಿಕೋಡ್ ಕನ್ನಡವಿದೆ. ಕೆ. ಪಿ. ರಾಯರ ವಿನ್ಯಾಸದಿಂದ ಬಂದ ಕೆಜಿಪಿ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ. ಯಾವುದನ್ನೇ ಹಾಕಿಕೊಂಡರೂ ಮೊದಲ ದಿನವೇ ನಾಲ್ಕು ಸಾಲು ಕನ್ನಡ ಬರೆದು ನೋಡು. ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕೂತಿವೆಯೇ ಗಮನಿಸು. ಬರೆದದ್ದನ್ನು ಹಲವು ತಂತ್ರಾಂಶಗಳು ಓದಬಲ್ಲ ರೂಪದಲ್ಲಿ ಉಳಿಸು, ಒಂದು ಪಿಡಿಎಫ್ ಪ್ರತಿಯನ್ನೂ ಇಡು. ಫೋಟೊ, ಪ್ರಬಂಧ, ಅಮ್ಮನ ಕಾಗದ ಎಲ್ಲಕ್ಕೂ ಎರಡು ಪ್ರತಿ ಇರಲಿ. ಒಂದು ಬೇರೆ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ. ವಿಂಡೋಸ್ 10ಕ್ಕೆ ಹತ್ತು ವರ್ಷ ಆಯುಸ್ಸು ಸಿಕ್ಕಿತು. ನಿನ್ನ ಬರಹ ಅದಕ್ಕಿಂತ ಹೆಚ್ಚು ಕಾಲ ಬಾಳಬೇಕು.

ಮುಂದಿನ ಶನಿವಾರ ಬರುವಾಗ ಲ್ಯಾಪ್‌ಟಾಪ್ ಜೊತೆಗೆ ಒಂದು ಖಾಲಿ ಪೆನ್‌ಡ್ರೈವ್ ತಾ. ಡಿಸ್ಕು ನನ್ನ ಹತ್ತಿರ ಇದೆ. ಮೊದಲು ನಿನ್ನ ಫೈಲುಗಳ ಪ್ರತಿ ತೆಗೆಯೋಣ. ಲಿನಕ್ಸ್ ಮಾತು ಆಮೇಲೆ.

ಇಂತಿ ನಿನ್ನ,
ದೊಡ್ಡಪ್ಪ